ಮುಟ್ಟಬಹುದಾದ ಮೆಟ್ಟಿಲು: ಗೊಂಬೆ ಹಬ್ಬಕ್ಕೆ ಮನೆಯಲ್ಲೇ ಮಾಡುವ ಮೂರು ಆಟಗಳು

ಮೈಸೂರಿನಲ್ಲಿ ಗೊಂಬೆ ಕೂರಿಸುವ ಮನೆಗಳಲ್ಲಿ ನವರಾತ್ರಿ ಪೂರ್ತಿ ಕೇಳಿಬರುವ ಮಾತೊಂದಿದೆ: "ಮುಟ್ಬೇಡ ಕಣೋ!" ಸಂಜೆಯಾಯಿತೆಂದರೆ ಬೀದಿಯ ಮಕ್ಕಳು "ಗೊಂಬೆ ಕೂರ್ಸಿದೀರಾ?" ಎಂದು ಗೇಟಿನಿಂದಲೇ ಕೂಗುತ್ತ ಒಳಗೆ ಬರುತ್ತಾರೆ. ಮೆಟ್ಟಿಲ ಮುಂದೆ ಸಾಲಾಗಿ ನಿಲ್ಲುತ್ತಾರೆ. ಕಣ್ಣೆಲ್ಲ ಗೊಂಬೆಯ ಮೇಲೆ, ಕೈ ಮಾತ್ರ ಬೆನ್ನ ಹಿಂದೆ. ಗೊಂಬೆ ಬಾಗಿನದ ತಿಂಡಿ ಪೊಟ್ಟಣ ಈಸಿಕೊಂಡು ಮುಂದಿನ ಮನೆಗೆ ಓಡುತ್ತಾರೆ.

ಹಿರಿಯರು ಗದರುವುದರಲ್ಲಿ ನ್ಯಾಯವಿದೆ. ರಾಜ ರಾಣಿಯರ ಪಟ್ಟದ ಗೊಂಬೆ ಮದುವೆಯಲ್ಲಿ ತವರಿನಿಂದ ಬಂದದ್ದು, ಕೆಲವು ಮನೆಗಳಲ್ಲಿ ಅಜ್ಜಿಯ ಅಜ್ಜಿಯ ಕಾಲದ್ದು. ಮಣ್ಣಿನ ಗೊಂಬೆ ಒಂದು ಸಲ ಬಿದ್ದರೆ ಮುಗಿಯಿತು. ಆದರೆ ಗೊಂಬೆ ಎಂಬ ವಸ್ತು ಕೈಗೆ ಸಿಗಬೇಕಾದದ್ದಲ್ಲವೇ? ಈ ಎರಡು ನ್ಯಾಯಗಳ ನಡುವೆ ನಾನು ಕಂಡುಕೊಂಡ ದಾರಿ, ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲೊಂದನ್ನು ಮಕ್ಕಳ ಕೈಗೆ ಬಿಟ್ಟುಕೊಡುವುದು. ಅಲ್ಲಿ ಕೂತ ಗೊಂಬೆಗಳನ್ನು ಎತ್ತಬಹುದು, ತಿರುಗಿಸಬಹುದು, ಮಾತಾಡಿಸಬಹುದು. ಮುಟ್ಟಿದರೆ ಅವು ಉತ್ತರ ಕೊಡುತ್ತವೆ. ಒಂದಿಷ್ಟು ರಟ್ಟು, ತಾಮ್ರದ ಟೇಪು, ಅಯಸ್ಕಾಂತ, ರೇಡಿಯೊ ಬಿಡಿಭಾಗಗಳು ಸಾಕು. ಕಂಪ್ಯೂಟರ್ ಬೇಡ, ಪ್ರೋಗ್ರಾಂ ಬರೆಯುವುದು ಬೇಡ.

ಕಸೂತಿ, ಕಾಗದ, ಮರದ ಕೆಲಸದ ಜೊತೆ ಎಲೆಕ್ಟ್ರಾನಿಕ್ಸ್ ಬೆರೆಸಿ ಆಟ ಕಟ್ಟುವುದನ್ನು ವಿನ್ಯಾಸ ಶಾಲೆಗಳಲ್ಲಿ ಇಂಟರಾಕ್ಷನ್ ಡಿಸೈನ್ ಹೆಸರಿನಲ್ಲಿ ಕಲಿಸುತ್ತಾರೆ. ನನಗೆ ಅದರಿಂದ ಸಿಕ್ಕ ಒಂದು ತಿಳಿವಳಿಕೆಯ ಮೇಲೆ ಈ ಲೇಖನವೆಲ್ಲ ನಿಂತಿದೆ. ತಂತಿಗೆ ಕೈಹಾಕುವ ಮೊದಲು ಎರಡು ಸಂಗತಿ ತೀರ್ಮಾನವಾಗಬೇಕು. ಮಗುವಿನ ಕೈ ತಾನಾಗಿ ಏನು ಮಾಡುತ್ತದೆ? ಅದಕ್ಕೆ ಗೊಂಬೆ ಯಾವ ಗಳಿಗೆಯಲ್ಲಿ ಓಗೊಡಬೇಕು?

ಪಿತೃಪಕ್ಷದಲ್ಲೇ ಶುರು ಮಾಡಿ

ನವರಾತ್ರಿಗೆ ಮುಂಚಿನ ಆ ಹದಿನೈದು ದಿನ ಮನೆಯಲ್ಲಿ ಶುಭಕಾರ್ಯಗಳ ಗಡಿಬಿಡಿ ಇರುವುದಿಲ್ಲ. ಅಟ್ಟದಿಂದ ಟ್ರಂಕು ಇಳಿಸಿ ಗೊಂಬೆಗಳ ಧೂಳು ಒರೆಸುವುದೂ ಗೊಂಬೆಗಳ ಮುಂದಿನ ಪುಟ್ಟ ಪಾರ್ಕಿಗೆ ರಾಗಿ ಮೊಳಕೆ ಹಾಕುವುದೂ ಆ ಹೊತ್ತಿನಲ್ಲೇ. ಇದನ್ನೂ ಅದರ ಜೊತೆ ಸೇರಿಸಿಕೊಳ್ಳಿ. ಪಾಡ್ಯದ ಹಿಂದಿನ ರಾತ್ರಿ ಬೆಸುಗೆ ಹಾಕಲು ಕೂತರೆ ಒಂದೂ ಸರಿಯಾಗುವುದಿಲ್ಲ.

ಮೂರಕ್ಕೂ ಸೇರಿ ಬೇಕಾಗುವ ಸಾಮಾನು: ದಪ್ಪ ಡ್ರಾಯಿಂಗ್ ಹಾಳೆ, ಬಟರ್ ಪೇಪರ್, ಚಪ್ಪಲಿ ಡಬ್ಬದಂಥ ಗಟ್ಟಿ ರಟ್ಟು, 5 ಅಥವಾ 6 ಮಿಲಿಮೀಟರ್ ಅಗಲದ ತಾಮ್ರದ ಟೇಪು, ಏಳೆಂಟು ಕೆಂಪು ಎಲ್‌ಇಡಿ, ಸಿಆರ್ 2032 ಎಂಬ ಬಿಲ್ಲೆ ಸೆಲ್ಲು ಎರಡು ಮೂರು, ಮೂರು ಪೆನ್ಸಿಲ್ ಸೆಲ್ ಹಿಡಿಸುವ ಡಬ್ಬಿ ಎರಡು, ಎರಡು ರೀಡ್ ಸ್ವಿಚ್, 10 ಮಿಲಿಮೀಟರ್ ಅಗಲ, 3 ಮಿಲಿಮೀಟರ್ ದಪ್ಪದ ಒಂದು ನಿಯೋಡಿಮಿಯಮ್ ಅಯಸ್ಕಾಂತ, ಐಎಸ್‌ಡಿ 1820 ಎಂಬ ಧ್ವನಿ ಮುದ್ರಿಸುವ ಪುಟ್ಟ ಬೋರ್ಡು, ಅದರ ಸ್ಪೀಕರ್ ಸಮೇತ, ಬಿಸಿ 547 (BC547) ಎಂಬ ಟ್ರಾನ್ಸಿಸ್ಟರ್ ಎರಡು, 220 ಓಮ್, 100 ಕಿಲೋಓಮ್, 4.7 ಮೆಗಾಓಮ್ ರೆಸಿಸ್ಟರ್‌ಗಳು (ವಿದ್ಯುತ್ತಿನ ಹರಿವನ್ನು ತಗ್ಗಿಸುವ ಬಿಡಿಭಾಗ), ಬೆಸುಗೆಯಿಲ್ಲದೆ ತಂತಿ ಸಿಕ್ಕಿಸಿ ಜೋಡಿಸಿ ನೋಡುವ ಒಂದು ಬ್ರೆಡ್‌ಬೋರ್ಡು. ರೇಡಿಯೊ ಟಿವಿ ರಿಪೇರಿಯವರು ಕೊಳ್ಳುವ ಬಿಡಿಭಾಗದ ಅಂಗಡಿಯಲ್ಲಿ ಇವುಗಳಲ್ಲಿ ಬಹುಪಾಲು ಸಿಗುತ್ತವೆ, ಉಳಿದದ್ದನ್ನು ಆನ್‌ಲೈನಿನಲ್ಲಿ ತರಿಸಿಕೊಳ್ಳಿ. ಒಂದು ಸಾಧಾರಣ ಮಲ್ಟಿಮೀಟರ್ ಕೊಂಡುಕೊಳ್ಳಿ. ಎರಡು ಜಾಗ ವಿದ್ಯುತ್ತಿಗೆ ಕೂಡಿಕೊಂಡಿದ್ದರೆ ಅದು ಮಾಡುವ 'ಕುಂಯ್' ಸದ್ದು ಈ ಕೆಲಸದಲ್ಲಿ ನಿಮ್ಮ ಅರ್ಧ ತಲೆನೋವನ್ನು ತಪ್ಪಿಸುತ್ತದೆ.

ಇನ್ನು ಎಚ್ಚರಿಕೆ. ಇದನ್ನು ಕೊನೆಗೆ ಬರೆದರೆ ಯಾರೂ ಓದುವುದಿಲ್ಲ, ಅದಕ್ಕೇ ಇಲ್ಲಿ ಹೇಳುತ್ತೇನೆ. ಬಿಲ್ಲೆ ಸೆಲ್ಲನ್ನು ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಟ್ಟ ಗಾಯವಾಗಬಹುದು. ನುಂಗಿದೆ ಎಂಬ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಓಡಬೇಕು. ಒಂದಕ್ಕಿಂತ ಹೆಚ್ಚು ಅಯಸ್ಕಾಂತ ನುಂಗಿದರೆ ಅವು ಕರುಳಿನ ಗೋಡೆಯ ಆಚೆ ಈಚೆಯಿಂದ ಒಂದನ್ನೊಂದು ಎಳೆದು ತೂತು ಮಾಡುತ್ತವೆ. ಆದ್ದರಿಂದ ಎರಡನ್ನೂ ಬಟ್ಟೆಯೊಳಗೆ ಹೊಲಿದೋ ರಟ್ಟಿನೊಳಗೆ ಅಂಟಿಸಿಯೋ ಮುಚ್ಚಲೇಬೇಕು. ಸೀರಿಯಲ್ ಸೆಟ್ಟಿನ ತಂತಿಗೆ, ಗೋಡೆಯ ಪ್ಲಗ್ಗಿಗೆ ಇಲ್ಲಿಯ ಯಾವುದನ್ನೂ ಜೋಡಿಸಬೇಡಿ. ಎಣ್ಣೆ ದೀಪದಿಂದ ಕಾಗದದ ಕೆಲಸ ಒಂದು ಮಾರಾದರೂ ದೂರ ಇರಲಿ.

ತಂತಿಯಿಲ್ಲದ ಮೊದಲ ಸಂಜೆ

ಈ ಹಂತವನ್ನು ಬಿಟ್ಟು ಮುಂದೆ ಹೋಗಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಖರ್ಚಿಲ್ಲ, ಅರ್ಧ ಗಂಟೆಯ ಕೆಲಸ, ಮುಂದಿನದಕ್ಕೆಲ್ಲ ಇದೇ ಬುನಾದಿ.

ಒಂದು ಮಣೆಯ ಮೇಲೆ ಮೂರೋ ನಾಲ್ಕೋ ಮರದ ಗೊಂಬೆ ಇಡಿ. ಹಿಂದೆ ಹಳೇ ಸೀರೆಯೊಂದನ್ನು ಪರದೆಯಂತೆ ಕಟ್ಟಿ. ಅದರ ಮರೆಯಲ್ಲಿ ನೀವು ಪೂಜೆಯ ಗಂಟೆ ಹಿಡಿದು ಕೂರಿ. ಅಕ್ಕಪಕ್ಕದ ಇಬ್ಬರು ಮೂವರು ಮಕ್ಕಳನ್ನು ಕರೆದು, ಏನೂ ಹೇಳದೆ ಬಿಟ್ಟುಬಿಡಿ. ಮಗು ಗೊಂಬೆ ಮುಟ್ಟಿದಾಗ ಒಂದು ಸಲ ಗಂಟೆ ಬಾರಿಸಿ. ಆಮೇಲೆ ಆಟ ಬದಲಿಸಿ: ಎತ್ತಿದಾಗ ಬಾರಿಸಿ, ಕೆಳಗಿಟ್ಟಾಗ ಬಾರಿಸಿ. ನೀವೇ ಯಂತ್ರವಾಗಿ ನಟಿಸುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಯಂತ್ರ ಕಟ್ಟಿದ ಮೇಲೆ ಬದಲಾಯಿಸುವುದು ಕಷ್ಟ, ಗಂಟೆ ಬಾರಿಸುವ ಕೈಯನ್ನು ಬದಲಾಯಿಸುವುದು ಸುಲಭ. ಇನ್ನೊಬ್ಬರು ಬದಿಯಲ್ಲಿ ಕೂತು ಕಂಡದ್ದನ್ನು ಚೀಟಿಯಲ್ಲಿ ಬರೆದುಕೊಳ್ಳಲಿ.

ನಮ್ಮ ಮನೆಯಲ್ಲಿ ಕಂಡದ್ದು ಇಷ್ಟು. ಸಣ್ಣ ಮಕ್ಕಳು ಗೊಂಬೆಯನ್ನು ತಲೆ ಹಿಡಿದೇ ಎತ್ತುತ್ತಾರೆ. ಎತ್ತಿದವರು ಬಹುಮಟ್ಟಿಗೆ ತಲೆಕೆಳಗು ಮಾಡಿ ತಳ ನೋಡುತ್ತಾರೆ, ಒಳಗೆ ಏನಿದೆ ಎಂಬ ಕುತೂಹಲ. ಎತ್ತಿದಾಗ ಗಂಟೆ ಬಾರಿಸಿದರೆ ಖುಷಿಯಾಗಿ ಗೊಂಬೆ ಹಿಡಿದು ಅಮ್ಮನಿಗೆ ತೋರಿಸಲು ಓಡುತ್ತಾರೆ, ಗೊಂಬೆ ಸೋಫಾದ ಮೇಲೆ ಉಳಿಯುತ್ತದೆ. ಕೆಳಗಿಟ್ಟಾಗ ಬಾರಿಸಿದರೆ? ಒಂದು ಕ್ಷಣ ದಿಗಿಲು, ಮತ್ತೆ ಎತ್ತಿ, ಮತ್ತೆ ಅದೇ ಜಾಗದಲ್ಲಿ ಇಟ್ಟು, ಕಿವಿಗೊಟ್ಟು ಕಾಯುತ್ತಾರೆ. "ತಿರುಗಿ ಅಲ್ಲೇ ಇಡು ಪುಟ್ಟ" ಎಂದು ಯಾರೂ ಹೇಳಬೇಕಾಗಲಿಲ್ಲ. ಗದರಿಕೆಯ ಕೆಲಸವನ್ನು ಸದ್ದು ಮಾಡಿಬಿಟ್ಟಿತು. ನನ್ನ ಎರಡನೆಯ ಆಟದ ಇಡೀ ರೂಪ ತೀರ್ಮಾನವಾದದ್ದು ಆ ಅರ್ಧ ಗಂಟೆಯಲ್ಲಿ.

ನಿಮ್ಮ ಮನೆಯಲ್ಲಿ ಬೇರೆಯದೇ ಕಾಣಬಹುದು. ಕಂಡದ್ದನ್ನು ನಂಬಿ.

ಒಂದು: ಬೆಳಗುವ ಅರಮನೆ

ಇದು ಸಲೀಸು, ಎಂಟು ವರ್ಷ ದಾಟಿದ ಮಗು ನಿಮ್ಮ ಜೊತೆ ಕೂತು ಮಾಡಬಹುದು. ದಸರೆಯ ಸಂಜೆ ಅಂಬಾವಿಲಾಸ ಅರಮನೆಯಲ್ಲಿ ಸುಮಾರು ಒಂದು ಲಕ್ಷ ಬಲ್ಬುಗಳು ಒಟ್ಟಿಗೆ ಹೊತ್ತಿಕೊಳ್ಳುವುದನ್ನು ಕಂಡ ಮಗುವಿಗೆ ಅರಮನೆಯನ್ನೇ ಬೆಳಗಿಸುವ ಅವಕಾಶ ಕೊಡುವುದು ಇದರ ಉದ್ದೇಶ. ಮೂರೇ ಎಲ್‌ಇಡಿ ಸಾಕು, ಏಕೆಂದರೆ ದೀಪಗಳನ್ನು ಮಾಡುವುದು ಸೂಜಿ.

ಡ್ರಾಯಿಂಗ್ ಹಾಳೆಯಲ್ಲಿ ಅರಮನೆಯ ಗೋಪುರ, ಕಮಾನುಗಳ ರೇಖೆ ಬರೆದು, ರೇಖೆಯುದ್ದಕ್ಕೂ ದಪ್ಪ ಸೂಜಿಯಿಂದ ಚುಚ್ಚುತ್ತ ಹೋಗಿ. ಹಾಳೆಯ ಕೆಳಗೆ ಮಡಿಸಿದ ಟವೆಲ್ ಇದ್ದರೆ ತೂತು ಚೊಕ್ಕವಾಗಿ ಬರುತ್ತದೆ. ಹಿಂದೆ ಬಟರ್ ಪೇಪರ್ ಅಂಟಿಸಿ. ಅದರ ಹಿಂದೆ ಮೂರು ಬೆರಳಷ್ಟು ಅಂತರ ಬಿಟ್ಟು ಇನ್ನೊಂದು ರಟ್ಟು ನಿಲ್ಲಬೇಕು. ಎಲ್‌ಇಡಿಗಳು ಕೂರುವುದು ಆ ರಟ್ಟಿನ ಮೇಲೆ. ಈ ಅಂತರ ಕಡಿಮೆಯಾದರೆ ಬೆಳಕು ಮೂರು ಚುಕ್ಕೆಯಾಗಿ ಕಾಣುತ್ತದೆ, ಹರಡುವುದಿಲ್ಲ.

ಹಿಂದಿನ ರಟ್ಟಿನ ಮೇಲೆ ರೈಲುಹಳಿಯಂತೆ ತಾಮ್ರದ ಟೇಪಿನ ಎರಡು ಸಾಲು ಎಳೆಯಿರಿ. ಮೂಲೆ ತಿರುಗುವಲ್ಲಿ ಟೇಪನ್ನು ಕತ್ತರಿಸಬೇಡಿ, ಮಡಿಸಿ ತಿರುಗಿಸಿ. ಅಗ್ಗದ ಟೇಪಿನಲ್ಲಿ ಅಂಟಿನ ಬದಿ ವಿದ್ಯುತ್ ಹಾಯಿಸುವುದಿಲ್ಲ, ಒಂದರ ಮೇಲೊಂದು ಅಂಟಿಸಿದ ತುಂಡುಗಳು ನೋಡಲು ಕೂಡಿಕೊಂಡಂತಿದ್ದರೂ ಒಳಗೆ ಬೇರೆಯಾಗಿಯೇ ಇರುತ್ತವೆ. ಎಲ್‌ಇಡಿಯ ಕಾಲುಗಳನ್ನು ಅಗಲಿಸಿ, ಉದ್ದ ಕಾಲು ಒಂದು ಹಳಿಯ ಮೇಲೆ, ಗಿಡ್ಡ ಕಾಲು ಇನ್ನೊಂದರ ಮೇಲೆ ಬರುವಂತೆ ಮೂರನ್ನೂ ಒಂದೇ ದಿಕ್ಕಿನಲ್ಲಿ ಕೂರಿಸಿ. ಬೆಸುಗೆ ಬಂದರೆ ಬೆಸುಗೆ, ಇಲ್ಲವಾದರೆ ಕಾಲನ್ನು ಸುರುಳಿ ಮಾಡಿ ಮೇಲೆ ಟೇಪು ಒತ್ತಿ ಉಜ್ಜಿ. ಹಳಿಗಳ ಒಂದು ತುದಿಯಲ್ಲಿ ಸೆಲ್ಲು: ಕೂಡಿಸುವ ಗುರುತು ಇರುವ ಮುಖ ಉದ್ದ ಕಾಲಿನ ಹಳಿಗೆ, ಇನ್ನೊಂದು ಮುಖ ಗಿಡ್ಡ ಕಾಲಿನ ಹಳಿಗೆ. ಸೆಲ್ಲಿನ ಮೇಲೆ ಬರುವ ಹಳಿಯನ್ನು ಮಡಿಸುವ ಕಾಗದದ ಕಿವಿಯೊಂದಕ್ಕೆ ಅಂಟಿಸಿ. ಕಿವಿ ಒತ್ತಿದರೆ ದೀಪ, ಬಿಟ್ಟರೆ ಕತ್ತಲು. ಆ ಕಿವಿ ಅರಮನೆಯ ಬಾಗಿಲಾಗಲಿ. ಸೆಲ್ಲಿನ ಸುತ್ತ ಬಟ್ಟೆಯ ಚೀಲ ಹೊಲಿದು ಮುಚ್ಚಿ.

ಇಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. ಕೆಂಪು ಎಲ್‌ಇಡಿ ಎರಡು ವೋಲ್ಟಿನ ಆಸುಪಾಸಿನಲ್ಲಿ ಹೊತ್ತಿಕೊಳ್ಳುತ್ತದೆ, ಬಿಳಿಯದಕ್ಕೂ ನೀಲಿಗೂ ಮೂರರ ಹತ್ತಿರ ಬೇಕು. ಒಂದೇ ಹಳಿಯಲ್ಲಿ ಕೆಂಪು ಬಿಳಿ ಎರಡನ್ನೂ ಇಟ್ಟರೆ ಕೆಂಪು ಉರಿಯುತ್ತದೆ, ಬಿಳಿ ಸತ್ತಂತೆ ಕೂರುತ್ತದೆ. ಎಲ್‌ಇಡಿ ಕೆಟ್ಟಿದೆ ಎಂದು ಎಸೆಯಬೇಡಿ. ಬಣ್ಣ ಒಂದೇ ಇಡಿ, ಸಾಕು.

ಎರಡು: ಮಾತಾಡುವ ಶೆಟ್ಟಮ್ಮ

ಗೊಂಬೆ ಸಾಲಿನಲ್ಲಿ ಶೆಟ್ಟರ ಅಂಗಡಿ ಇರಲೇಬೇಕು. ಶೆಟ್ಟರು, ಶೆಟ್ಟಮ್ಮ, ಮುಂದೆ ಪುಟ್ಟ ಬಟ್ಟಲುಗಳಲ್ಲಿ ನಿಜವಾದ ಅಕ್ಕಿ, ಬೇಳೆ, ಬೆಲ್ಲ. ಮಣ್ಣಿನ ದಂಪತಿ ಮೇಲಿನ ಮೆಟ್ಟಿಲಲ್ಲೇ ಇರಲಿ. ಕೆಳಗಿನ ಮುಟ್ಟಬಹುದಾದ ಅಂಗಡಿಗೆ ಚನ್ನಪಟ್ಟಣದ ಮರದ ಗೊಂಬೆಯೊಂದನ್ನು ತಂದು ಶೆಟ್ಟಮ್ಮ ಮಾಡಿ. ಚಪ್ಪಟೆ ತಳದ, ದುಂಡನೆಯ, ನಿಮ್ಮ ಅಂಗೈ ಎತ್ತರದ ಗೊಂಬೆ ಒಳ್ಳೆಯದು. ಹಾಲೆ ಮರ ಹಗುರ, ಬಿದ್ದರೂ ಒಡೆಯುವುದಿಲ್ಲ.

ಶೆಟ್ಟಮ್ಮನನ್ನು ಎತ್ತಿ, ತಿರುಗಿಸಿ, ಮತ್ತೆ ಪೀಠದ ಮೇಲೆ ಕೂರಿಸಿದರೆ ಅವಳು ಮಾತಾಡಬೇಕು, ಅಂಗಡಿಯ ದೀಪ ಹೊತ್ತಿಕೊಳ್ಳಬೇಕು. ಇದಕ್ಕೆ ರೀಡ್ ಸ್ವಿಚ್ ಹೇಳಿ ಮಾಡಿಸಿದ್ದು. ಅಕ್ಕಿಕಾಳಿನ ಎರಡು ಮೂರು ಪಟ್ಟು ಉದ್ದದ ಗಾಜಿನ ಕೊಳವೆ, ಒಳಗೆ ಒಂದನ್ನೊಂದು ಮುಟ್ಟದ ಎರಡು ಕಬ್ಬಿಣದ ನಾಲಿಗೆ. ಅಯಸ್ಕಾಂತ ಹತ್ತಿರ ಬಂದರೆ ನಾಲಿಗೆಗಳು ಕೂಡಿಕೊಳ್ಳುತ್ತವೆ, ದೂರ ಹೋದರೆ ಬಿಡುತ್ತವೆ. ತಂತಿ ಗೊಂಬೆಯನ್ನು ಮುಟ್ಟಬೇಕಾಗಿಲ್ಲ. ಮಗು ತಳ ತಿರುಗಿಸಿ ನೋಡಿದರೂ ಗುಟ್ಟು ಸಿಗುವುದಿಲ್ಲ.

ಪೀಠ ಮೊದಲು ಮಾಡಿ. ನೀವು ಜೋಡಿಸುವ ಮೆಟ್ಟಿಲು ದಪ್ಪ ಹಲಗೆಯದಾದರೆ ಅಯಸ್ಕಾಂತದ ಸೆಳೆತ ಅದನ್ನು ದಾಟುವುದು ಅನುಮಾನ. ಕಬ್ಬಿಣದ ಸ್ಟ್ಯಾಂಡಾದರೆ ಕಬ್ಬಿಣವೇ ಸೆಳೆತವನ್ನು ನುಂಗಿಕೊಳ್ಳುತ್ತದೆ. ಆದ್ದರಿಂದ ರಟ್ಟಿನಿಂದ ನಾಲ್ಕು ಬೆರಳು ಎತ್ತರದ ಡಬ್ಬ ಕಟ್ಟಿ, ಮೇಲ್ಮುಖದ ಒಳಮೈಗೆ ರೀಡ್ ಸ್ವಿಚ್ ಅಂಟಿಸಿ.

ಅಂಟಿಸುವ ಮುನ್ನ ಎರಡು ಮಾತು. ರೀಡ್ ಸ್ವಿಚ್ಚಿನ ಕಾಲನ್ನು ಹಾಗೇ ಬಗ್ಗಿಸಿದರೆ ಗಾಜು ಸೀಳುತ್ತದೆ. ಗಾಜಿನ ಪಕ್ಕದಲ್ಲಿ ಕಾಲನ್ನು ಸಣ್ಣ ಇಕ್ಕಳದಿಂದ ಬಿಗಿಯಾಗಿ ಹಿಡಿದು, ಇಕ್ಕಳದ ಆಚೆ ಬಗ್ಗಿಸಿ. ಎರಡನೆಯದು ಜಾಗದ ಮಾತು, ನನ್ನ ಎರಡು ಸಂಜೆ ತಿಂದದ್ದು ಇದೇ. ಬಿಲ್ಲೆಯಂಥ ಅಯಸ್ಕಾಂತವನ್ನು ಕೊಳವೆಯ ನಡುಮಧ್ಯದ ಮೇಲೆ ಇಟ್ಟರೆ ಸ್ವಿಚ್ಚು ಕೂಡಿಕೊಳ್ಳುವುದಿಲ್ಲ! ಅಲ್ಲಿ ಎರಡು ನಾಲಿಗೆಗೂ ಒಂದೇ ಧ್ರುವದ ಪ್ರಭಾವ ಸಮನಾಗಿ ಬೀಳುವುದರಿಂದ ಅವು ಪರಸ್ಪರ ಸೆಳೆಯುವುದಿಲ್ಲ. ಸ್ವಲ್ಪ ಯಾವುದಾದರೂ ತುದಿಯ ಕಡೆ ಸರಿಸಿದರೆ ಟಿಕ್ ಎಂದು ಕೂಡಿಕೊಳ್ಳುತ್ತದೆ. ಮಲ್ಟಿಮೀಟರನ್ನು 'ಕುಂಯ್' ಸದ್ದಿಗೆ ಇಟ್ಟು, ಅಯಸ್ಕಾಂತವನ್ನು ಮೇಲೆ ಓಡಾಡಿಸಿ, ಸದ್ದು ಬರುವ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಗೊಂಬೆ ನಿಲ್ಲುವ ನಡುಬಿಂದು ಆ ಗುರುತಿನ ಮೇಲೆ ಬರಬೇಕು. ಎರಡು ಸ್ವಿಚ್ ಬೇಕಲ್ಲ, ಒಂದರ ಬಲತುದಿ, ಇನ್ನೊಂದರ ಎಡತುದಿ ಆ ನಡುಬಿಂದುವಿನ ಅಕ್ಕಪಕ್ಕ ಬರುವಂತೆ ಎದುರುಬದುರು ಕೂರಿಸಿ. ಒಂದು ಮಾತಿಗೆ, ಒಂದು ದೀಪಕ್ಕೆ. ಅಯಸ್ಕಾಂತ ತಳದ ಸರಿ ಮಧ್ಯದಲ್ಲಿದ್ದರೆ ಮಗು ಶೆಟ್ಟಮ್ಮನನ್ನು ಯಾವ ಕಡೆ ಮುಖಮಾಡಿ ಕೂರಿಸಿದರೂ ನಡೆಯುತ್ತದೆ. ನಿಂತ ಜಾಗ ಜಾರದಂತೆ ಪೀಠದ ಮೇಲೆ ಬಳೆಯೊಂದನ್ನು ಅಂಟಿಸಿ. ಇಡಬೇಕಾದದ್ದು ಎಲ್ಲಿ ಎಂಬುದನ್ನು ಬಳೆಯೇ ಹೇಳುತ್ತದೆ. ಗಾಜಿನದು ಬೇಡ, ಮರದ್ದೋ ದಾರ ಸುತ್ತಿದ್ದೋ ಆಗಲಿ. ಲೋಹದ್ದಂತೂ ಬೇಡವೇ ಬೇಡ.

ಗೊಂಬೆಗೆ ಅಯಸ್ಕಾಂತ ಕೂರಿಸುವಾಗ ಅದರ ಬಣ್ಣ ಯಾವುದರಿಂದ ಆಗಿದೆ ಎಂದು ನೆನಪಿರಲಿ. ಚನ್ನಪಟ್ಟಣದ ಹೊಳಪು ಅರಗಿನದು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಉಜ್ಜಾಟದ ಬಿಸಿಗೆ ಕರಗಿಸಿ ಹಚ್ಚಿದ್ದು. ಹಾಗಾಗಿ ಬಿಸಿ ಅಂಟಿನ ಗನ್ನು ತಾಗಿದರೆ ಬಣ್ಣ ಕಿತ್ತುಬರುತ್ತದೆ, ಸ್ಪಿರಿಟ್ಟಿನಿಂದ ಒರೆಸಿದರೆ ಮಸುಕಾಗುತ್ತದೆ. ನಾನು ಮಾಡುವುದು ಹೀಗೆ: ತಳದಷ್ಟೇ ಅಗಲಕ್ಕೆ ದಪ್ಪ ಬಟ್ಟೆಯ ಎರಡು ಬಿಲ್ಲೆ ಕತ್ತರಿಸಿ, ನಡುವೆ ಅಯಸ್ಕಾಂತವಿಟ್ಟು ಸುತ್ತ ಒತ್ತೊತ್ತಾಗಿ ಹೊಲಿದು, ಎರಡು ಬದಿಯ ಟೇಪಿನಿಂದ ತಳಕ್ಕೆ ಅಂಟಿಸುತ್ತೇನೆ. ಎಳೆದು ನೋಡಿ, ಬಿಟ್ಟುಕೊಳ್ಳಬಾರದು.

ಇನ್ನು ಮಾತು. ಐಎಸ್‌ಡಿ 1820 ಬೋರ್ಡಿನಲ್ಲಿ ಪುಟ್ಟ ಮೈಕು ಇದೆ. 'ರೆಕ್' ಗುಂಡಿ ಒತ್ತಿ ಹಿಡಿದು ಮಾತಾಡಿದರೆ ಸುಮಾರು ಹತ್ತು ಸೆಕೆಂಡು ಮುದ್ರಿಸಿಕೊಳ್ಳುತ್ತದೆ. ಸೆಲ್ಲು ತೆಗೆದರೂ ಮಾತು ಅಳಿಸುವುದಿಲ್ಲ. ಮತ್ತೆ ಕೇಳಲು ಎರಡು ಗುಂಡಿಗಳಿವೆ. 'ಪ್ಲೇ ಎಲ್' ಒತ್ತಿ ಹಿಡಿದಷ್ಟು ಹೊತ್ತು ನುಡಿಯುತ್ತದೆ, 'ಪ್ಲೇ ಇ' ಒಂದು ಸಲ ತಾಗಿಸಿದರೆ ಸಾಕು, ಪೂರ್ತಿ ನುಡಿದು ಸುಮ್ಮನಾಗುತ್ತದೆ. ನಮಗೆ ಬೇಕಾದದ್ದು ಎರಡನೆಯದು. ಗೊಂಬೆ ಪೀಠದ ಮೇಲೆ ಗಂಟೆಗಟ್ಟಲೆ ಕೂತಿದ್ದರೂ ಅವಳು ಒಂದೇ ಸಲ ಮಾತಾಡುತ್ತಾಳೆ. ಮತ್ತೆ ಎತ್ತಿ ಇಟ್ಟಾಗ ಮಾತ್ರ ಮತ್ತೆ. ರೀಡ್ ಸ್ವಿಚ್ಚಿನ ಒಂದು ಕಾಲು ಬೋರ್ಡಿನ ಪ್ಲಸ್ ಪಿನ್ನಿಗೆ, ಇನ್ನೊಂದು 'ಪ್ಲೇ ಇ' ಪಿನ್ನಿಗೆ. ಮೂರು ಪೆನ್ಸಿಲ್ ಸೆಲ್ಲಿನ 4.5 ವೋಲ್ಟ್ ಅದಕ್ಕೆ ಸರಿಹೋಗುತ್ತದೆ. ದೀಪದ ದಾರಿ ಬೇರೆ: ಅದೇ ಡಬ್ಬಿಯ ಪ್ಲಸ್‌ನಿಂದ 220 ಓಮ್, ಕೆಂಪು ಎಲ್‌ಇಡಿ, ಎರಡನೆಯ ರೀಡ್ ಸ್ವಿಚ್, ಮೈನಸ್. ಪವರ್ ಬ್ಯಾಂಕ್ ಬಳಸಲು ಹೋಗಬೇಡಿ, ಇಷ್ಟು ಸಣ್ಣ ಬಳಕೆಗೆ ಬಹುಪಾಲು ಪವರ್ ಬ್ಯಾಂಕುಗಳು 'ಯಾರೂ ಇಲ್ಲ' ಎಂದುಕೊಂಡು ತಾವಾಗಿ ಆಫ್ ಆಗುತ್ತವೆ.

ಬರೀ ಸ್ಪೀಕರಿನಿಂದ ದನಿ ತಗಡಿನ ಹಾಗೆ ಬರುತ್ತದೆ. ಅದನ್ನು ತೆಂಗಿನ ಕರಟದ ಬಾಯಿಗೆ ಕೂರಿಸಿ, ಅಂಚನ್ನು ಗೋಂದು ಕಾಗದದಿಂದ ಮುಚ್ಚಿ ನೋಡಿ. ಹಿಂದಿನ ಗಾಳಿ ಮುಂದಿನ ದನಿಯನ್ನು ಕೊಲ್ಲುವುದು ತಪ್ಪಿ, ಮಾತಿಗೆ ಮೈ ಬರುತ್ತದೆ. ಕರಟವನ್ನು ಅಂಗಡಿಯ ಬುಟ್ಟಿ ಮಾಡಿ ಪಕ್ಕದಲ್ಲೇ ಇಡಬಹುದು.

ಏನು ಮುದ್ರಿಸಬೇಕು? ಹತ್ತು ಸೆಕೆಂಡೆಂದರೆ ಹದಿನೈದು ಇಪ್ಪತ್ತು ಪದ. ಉಪದೇಶ ಬೇಡ, "ದಸರಾ ಹಬ್ಬದ ಶುಭಾಶಯಗಳು" ಕೂಡ ಬೇಡ. ಮಗು ಅಂಗಡಿಗೆ ಬಂದಿದೆ, ಶೆಟ್ಟಮ್ಮ ಅದಕ್ಕೆ ತಕ್ಕ ಮಾತಾಡಲಿ. ನಮ್ಮತ್ತೆಯನ್ನು ಕೂರಿಸಿ ಮುದ್ರಿಸಿದೆ. ಬರೆದುಕೊಟ್ಟ ಚೀಟಿಯನ್ನು ಅವರು ಪಕ್ಕಕ್ಕಿಟ್ಟು, ತಮ್ಮ ಚಿಕ್ಕಂದಿನ ಅಂಗಡಿಯನ್ನು ನೆನೆದು ಹೇಳಿದ್ದು ಇದು: "ಬಾ ಮಗಾ, ಏನ್ ಬೇಕು? ಅಕ್ಕಿನಾ, ಬೇಳೆನಾ, ಅಚ್ಚು ಬೆಲ್ಲಾನಾ? ಕಾಸು ತಂದಿದೀಯಾ? ಸಾಲ ನಾಳೆ ಕಣಪ್ಪ!" ಕೊನೆಯ ಮಾತಿಗೆ ಅವರೇ ನಕ್ಕದ್ದೂ ಅದರಲ್ಲಿ ಸೇರಿದೆ. ಮಕ್ಕಳು ಆ ನಗುವಿಗಾಗಿಯೇ ಮತ್ತೆ ಮತ್ತೆ ಎತ್ತಿ ಇಡುತ್ತಾರೆ. ನಿಮ್ಮ ಮನೆಯ ಹಿರಿಯರ ದನಿಯನ್ನೇ ಹಾಕಿ. ಬೋರ್ಡಿನಿಂದ ಒಂದು ಗೇಣು ದೂರದಲ್ಲಿ, ಫ್ಯಾನು ನಿಲ್ಲಿಸಿ ಮುದ್ರಿಸಿ.

ಮೂರು: ಕೈ ಹಿಡಿದರೆ ಬೆಳಗುವ ಪಟ್ಟ

ಪಟ್ಟದ ರಾಜ ರಾಣಿಯರನ್ನು ಮುಟ್ಟದೆಯೇ ಅವರ ಜೊತೆ ಆಡುವ ಆಟ ಇದು. ಇಬ್ಬರ ಮುಂದೆ ಒಂದೊಂದು ಹಿತ್ತಾಳೆಯ ಬಟ್ಟಲು. ಒಂದು ಮಗು ರಾಜನ ಬಟ್ಟಲಿನ ಮೇಲೆ ಕೈಯಿಡುತ್ತದೆ, ಇನ್ನೊಂದು ರಾಣಿಯ ಬಟ್ಟಲಿನ ಮೇಲೆ. ಏನೂ ಆಗುವುದಿಲ್ಲ. ಇಬ್ಬರೂ ಉಳಿದ ಕೈಗಳನ್ನು ಹಿಡಿದುಕೊಂಡರೆ ಮಂಟಪದ ದೀಪ ಬೆಳಗುತ್ತದೆ. ನಡುವೆ ಮೂರನೆಯವರು, ನಾಲ್ಕನೆಯವರು ಸೇರಿಕೊಳ್ಳಬಹುದು. ಪರಿಚಯವಿಲ್ಲದ ಮಕ್ಕಳು ಕೈ ಕೈ ಹಿಡಿಯಲು ಇಷ್ಟು ನೆಪ ಸಾಕಾಗುತ್ತದೆ.

ನಮ್ಮ ಮೈ ವಿದ್ಯುತ್ತನ್ನು ಹಾಯಿಸುತ್ತದೆ, ಆದರೆ ಬಲು ಜಿಪುಣತನದಿಂದ. ಆ ಎಳ್ಳಷ್ಟು ಹರಿವನ್ನು ಸಾವಿರಾರು ಪಟ್ಟು ಹಿಗ್ಗಿಸಲು ಎರಡು ಟ್ರಾನ್ಸಿಸ್ಟರುಗಳನ್ನು ಒಂದರ ಬೆನ್ನಿಗೆ ಒಂದು ಕಟ್ಟುತ್ತೇವೆ. ಈ ಜೋಡಣೆಗೆ ಡಾರ್ಲಿಂಗ್‌ಟನ್ ಜೋಡಿ ಎಂದು ಹೆಸರು. ಬಿಸಿ 547ರ ಚಪ್ಪಟೆ ಮುಖ ನಿಮ್ಮ ಕಡೆ, ಕಾಲು ಕೆಳಗೆ ಇರುವಂತೆ ಹಿಡಿದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಮೊದಲು ಬ್ರೆಡ್‌ಬೋರ್ಡಿನ ಮೇಲೆ ಹೀಗೆ ಜೋಡಿಸಿ:

1. ಸೆಲ್ ಡಬ್ಬಿಯ ಪ್ಲಸ್‌ನಿಂದ 220 ಓಮ್, ಅಲ್ಲಿಂದ ಎಲ್‌ಇಡಿಯ ಉದ್ದ ಕಾಲು. ಗಿಡ್ಡ ಕಾಲನ್ನು ಎರಡೂ ಟ್ರಾನ್ಸಿಸ್ಟರುಗಳ ಕಲೆಕ್ಟರಿಗೆ ಸೇರಿಸಿ.
2. ಮೊದಲನೆಯದರ ಎಮಿಟರ್ ಎರಡನೆಯದರ ಬೇಸಿಗೆ. ಎರಡನೆಯದರ ಎಮಿಟರ್ ಮೈನಸ್‌ಗೆ.
3. ಪ್ಲಸ್‌ನಿಂದ 100 ಕಿಲೋಓಮ್ ಮೂಲಕ ರಾಜನ ಬಟ್ಟಲಿಗೆ ತಂತಿ.
4. ಮೊದಲ ಟ್ರಾನ್ಸಿಸ್ಟರಿನ ಬೇಸಿನಿಂದ ರಾಣಿಯ ಬಟ್ಟಲಿಗೆ ತಂತಿ.

ಆ 100 ಕಿಲೋಓಮನ್ನು ಬಿಡಬೇಡಿ. ಅದು ಇರುವವರೆಗೆ ಮಕ್ಕಳ ಮೈಯಲ್ಲಿ ಹರಿಯುವುದು 45 ಮೈಕ್ರೋಆಂಪಿಯರನ್ನು ದಾಟಲಾರದು, ಯಾರಿಗೂ ಜುಮ್ ಎನ್ನುವುದೂ ಇಲ್ಲ. ಬಟ್ಟಲುಗಳು ಒಂದಕ್ಕೊಂದು ತಾಗಿದರೂ ಟ್ರಾನ್ಸಿಸ್ಟರ್ ಸುಡುವುದಿಲ್ಲ. ಯಾರೂ ಮುಟ್ಟದೆ ದೀಪ ಮಂಕಾಗಿ ಮಿನುಗುತ್ತಿದ್ದರೆ ರಾಣಿಯ ತಂತಿ ಗೋಡೆಯ ವೈರಿಂಗಿನ ಗುಂಯ್‌ಗಾಟವನ್ನು ಹಿಡಿಯುತ್ತಿದೆ ಎಂದರ್ಥ. ಮೊದಲ ಬೇಸಿಗೂ ಮೈನಸ್‌ಗೂ ನಡುವೆ 4.7 ಮೆಗಾಓಮ್ ಹಾಕಿ, ತಂತಿಯನ್ನು ಗಿಡ್ಡ ಮಾಡಿ. ಕೈ ಹಿಡಿದರೂ ಹೊತ್ತದಿದ್ದರೆ ಕೈ ಒಣಗಿರುತ್ತದೆ. ಬಟ್ಟಲಿನಲ್ಲಿ ಒದ್ದೆ ಅರಿಶಿನ ಕುಂಕುಮ ಇಡಿ, ಬೆರಳು ಒದ್ದೆಯಾದರೆ ದಾರಿ ಸಲೀಸು. ಬಟ್ಟಲಿಗೆ ಮೆರುಗಿನ ಲೇಪ ಇದ್ದರೆ ಅದನ್ನು ಹುಣಸೆಹಣ್ಣು ಬಿಡಿಸದು, ತಂತಿ ತಾಗುವ ಜಾಗವನ್ನು ಉಪ್ಪು ಕಾಗದದಿಂದ ಕೆರೆಯಬೇಕು.

ಬಟ್ಟಲಿನ ಬದಲು ಜರಿ ಅಂಚಿನ ತುಂಡನ್ನೂ ಬಳಸಬಹುದು, ನನಗೆ ಇದು ಬಹಳ ಇಷ್ಟ. ಮಲ್ಟಿಮೀಟರನ್ನು ಜರಿಯ ಎಳೆಯುದ್ದಕ್ಕೆ ಹಿಡಿದು ನೋಡಿ. ಲೋಹದ ಜರಿಯಾದರೆ ಸಾಮಾನ್ಯವಾಗಿ ಕುಂಯ್ ಎನ್ನುತ್ತದೆ, ಪ್ಲಾಸ್ಟಿಕ್ ಮಿಂಚಾದರೆ ಮೌನ. 1990ರ ದಶಕದ ಕೊನೆಯಲ್ಲಿ ಅಮೆರಿಕದ ಎಂಐಟಿಯಲ್ಲಿ ರೆಮಿ ಪೋಸ್ಟ್, ಮ್ಯಾಗಿ ಆರ್ತ್ ಮೊದಲಾದವರು ಬಟ್ಟೆಯ ಮೇಲೆ ಸರ್ಕಿಟ್ ಕಟ್ಟಲು ಹೊರಟಾಗ ಬಳಸಿದ್ದು, ರೇಷ್ಮೆ ಎಳೆಗೆ ತೆಳು ತಾಮ್ರ ಸುತ್ತಿ ನೇಯ್ದ ಆರ್ಗಾಂಜಾ. ಅಂಥ ಬಟ್ಟೆಯನ್ನು ಭಾರತದಲ್ಲಿ ಬಹುಕಾಲದಿಂದ ನೇಯುತ್ತಲೇ ಇದ್ದರು. ರೇಷ್ಮೆ ಊರಿನಲ್ಲಿರುವ ನಾವು ಬೀರುವಿನ ಮೂಲೆಯಲ್ಲಿ ಮಡಿಸಿಟ್ಟ ಹಳೇ ಸೀರೆಯ ಅಂಚನ್ನು ಒಮ್ಮೆ ಮೀಟರಿಗೆ ಹಿಡಿದು ನೋಡಬಾರದೇಕೆ?

ಎಲ್ಲ ಸರಿಯಾದ ಮೇಲೆ ಬ್ರೆಡ್‌ಬೋರ್ಡನ್ನು ಹಾಗೇ ಮೆಟ್ಟಿಲಡಿ ತಳ್ಳಬೇಡಿ. ಮಕ್ಕಳ ಓಡಾಟಕ್ಕೆ ತಂತಿ ಸಡಿಲವಾಗುತ್ತದೆ. ಸಾಲು ತೂತುಗಳಿರುವ ಚುಕ್ಕಿ ಬೋರ್ಡಿನ ಮೇಲೆ ಬೆಸೆದು, ಬೆಂಕಿಪೊಟ್ಟಣದಲ್ಲಿ ಇಟ್ಟು ಮುಚ್ಚಿ.

ಹಬ್ಬದ ದಿನಗಳಲ್ಲಿ

ಕೆಳ ಮೆಟ್ಟಿಲಿಗೆ ಬೇರೆ ಬಣ್ಣದ ಬಟ್ಟೆ ಹಾಸಿ. ಮೇಲಿನ ಮೆಟ್ಟಿಲುಗಳೆಲ್ಲ ಬಿಳಿ ಪಂಚೆ, ಇದೊಂದು ಹಸಿರು ಅಥವಾ ಕೆಂಪು. "ಹಸಿರು ಬಟ್ಟೆ ಮೇಲಿರೋದೆಲ್ಲ ನಿಮ್ಮದು" ಎಂದು ಬಾಗಿಲಲ್ಲೇ ಒಂದು ಮಾತು ಹೇಳಿ. ಹೇಗೆ ಆಡಬೇಕು ಎಂದು ಮಾತ್ರ ಹೇಳಬೇಡಿ. ಬರವಣಿಗೆಯ ಚೀಟಿಯೂ ಬೇಡ. ಮಗು ತಾನೇ ಕಂಡುಹಿಡಿದು ಪಕ್ಕದವನಿಗೆ ತೋರಿಸುವ ಸಂತೋಷವನ್ನು ನಾವು ಕಸಿಯಬಾರದು. ಕೈ ಕೈ ಹಿಡಿಯುವ ಗುಟ್ಟು ಹೊಳೆಯಲು ಮೊದಲ ಗುಂಪಿಗೆ ಸ್ವಲ್ಪ ಹೊತ್ತು ಹಿಡಿಯುತ್ತದೆ, ಎರಡನೆಯ ದಿನಕ್ಕೆ ಬೀದಿಗೆಲ್ಲ ಗೊತ್ತಾಗಿರುತ್ತದೆ.

ಸಂಜೆ ಸಂಜೆ ಒಂದು ಸಲ ಪರೀಕ್ಷಿಸಿ: ಸೆಲ್ಲು ಇಳಿದರೆ ಶೆಟ್ಟಮ್ಮನ ದನಿ ಒಡೆದು ಎಳೆಯುತ್ತದೆ, ಆಗ ಮೂರನ್ನೂ ಒಟ್ಟಿಗೆ ಬದಲಿಸಿ. ಅರಮನೆಯ ಬಿಲ್ಲೆ ಸೆಲ್ಲು ಒಂಬತ್ತು ದಿನವೂ ಬಾಳುವುದು ಕಷ್ಟ. ಹಳೆಯದಕ್ಕೆ ಟೇಪು ಸುತ್ತಿ ಕೈಗೆಟುಕದ ಕಡೆ ಎತ್ತಿಡಿ.

ಈಗಾಗಲೇ ಪ್ರೋಗ್ರಾಂ ಬರೆಯಬಲ್ಲ ಹೈಸ್ಕೂಲ್ ಮಕ್ಕಳು ಮನೆಯಲ್ಲಿದ್ದರೆ ಮುಂದಿನ ವರ್ಷ ಮೈಕ್ರೋಬಿಟ್ ಅಥವಾ ಇಎಸ್‌ಪಿ 32 ಬೋರ್ಡು ತಂದು, ಗೊಂಬೆಗೊಂದು ಮಾತಿನಂತೆ ಇಡೀ ಮೆಟ್ಟಿಲನ್ನು ಮಾತಾಡಿಸಬಹುದು. ಕಲ್ಪನೆ ಸಾಲದಿದ್ದರೆ ಅರಮನೆಯ ಗೊಂಬೆ ತೊಟ್ಟಿಗೂ, ನಜರಬಾದಿನಲ್ಲಿ ಮೃಗಾಲಯದ ಎದುರು ದಸರೆಗೆ ಏರ್ಪಡುವ ಬೊಂಬೆ ಮನೆಗೂ ಮಕ್ಕಳನ್ನು ಕರೆದುಕೊಂಡು ಹೋಗಿ, ಯಾವ ಗೊಂಬೆ ಯಾವ ಮಾತಾಡೀತು ಎಂದು ಕೇಳಿ. ಚೀಟಿ ಪೆನ್ನು ಜೊತೆಗಿರಲಿ.

ವಿಜಯದಶಮಿಯ ರಾತ್ರಿ ಪದ್ಧತಿಯಂತೆ ಒಂದು ಗೊಂಬೆಯನ್ನು ಮಲಗಿಸುತ್ತೀರಲ್ಲ, ಆ ಮರ್ಯಾದೆ ಶೆಟ್ಟಮ್ಮನಿಗೂ ಸಲ್ಲಲಿ. ಕೊನೆಯವರೆಗೂ ಉಳಿದ ಮಗುವಿನ ಕೈಯಲ್ಲೇ ಅವಳನ್ನು ಎತ್ತಿಸಿ, ಪೀಠದಿಂದ ಒಂದು ಗೇಣು ಆಚೆ ಮಲಗಿಸಿ. ಅಯಸ್ಕಾಂತ ದೂರವಾದದ್ದರಿಂದ ಅಂಗಡಿಯ ದೀಪ ತಾನಾಗಿ ಆರುತ್ತದೆ. ಮರುದಿನ ಎಲ್ಲ ಸೆಲ್ಲುಗಳನ್ನೂ ಹೊರತೆಗೆಯಿರಿ, ಒಳಗೇ ಬಿಟ್ಟರೆ ವರ್ಷದೊಳಗೆ ಸೋರಿ ಡಬ್ಬಿಯ ತಗಡನ್ನು ತಿಂದುಬಿಡುತ್ತವೆ. ಪೀಠವನ್ನು ಹಳೇ ಹತ್ತಿ ಬಟ್ಟೆಯಲ್ಲಿ ಸುತ್ತಿ, ಯಾವ ತಂತಿ ಎಲ್ಲಿಗೆ ಎಂದು ಬರೆದ ಚೀಟಿ ಒಳಗಿಟ್ಟು, ಪಟ್ಟದ ಗೊಂಬೆಗಳ ಟ್ರಂಕಿನಲ್ಲೇ ಜಾಗ ಮಾಡಿ.